ತಕ್ಕಡಿ ಸುಳ್ಳು ಹೇಳಿದರೆ

ಸಣ್ಣ ಊರುಗಳ ಕಸದ ಸಮಸ್ಯೆಗೆ ಬ್ಲಾಕ್‌ಚೈನ್ ಮದ್ದು ಎಂಬ ಮಾತು ಈಗೀಗ ಹೆಚ್ಚು ಕೇಳಿಬರುತ್ತಿದೆ. ಯಾವ ಮನೆಯಿಂದ ಎಷ್ಟು ಕಸ ಬಂತು, ಎಲ್ಲಿಗೆ ಹೋಯಿತು, ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನೆಲ್ಲ ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೇ ದಾಖಲಿಸಿಬಿಟ್ಟರೆ ಆಮೇಲೆ ಯಾರೂ ತಿದ್ದಲಾರರು, ತಿದ್ದಲಾಗದ ಲೆಕ್ಕದಲ್ಲಿ ಮೋಸ ನಡೆಯದು, ಕಸ ಬೇರ್ಪಡಿಸಿದವರಿಗೆ ಡಿಜಿಟಲ್ ಟೋಕನ್ ಕೊಟ್ಟರೆ ಜನ ತಾವಾಗಿ ಮುಂದೆ ಬರುತ್ತಾರೆ ಎಂಬುದು ವಾದ. ಹೀಗೆ ಹೇಳುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಸದ ಲೆಕ್ಕ ಎಲ್ಲಿ ಕೆಡುತ್ತದೆ ಎಂಬುದನ್ನೇ ಅವರು ತಪ್ಪಾಗಿ ತಿಳಿದಿದ್ದಾರೆ.

ಯಾವುದಾದರೂ ಗ್ರಾಮ ಪಂಚಾಯ್ತಿಯ ಘನತ್ಯಾಜ್ಯ ಘಟಕದಲ್ಲಿ ಅರ್ಧ ದಿನ ನಿಂತು ನೋಡಿ. ಕಸ ತರುವ ಸ್ವಚ್ಛ ವಾಹಿನಿ ಬಂದು ನಿಲ್ಲುತ್ತದೆ. ಸ್ವಸಹಾಯ ಸಂಘದ ಹೆಂಗಸರು ಚೀಲ ಬಿಚ್ಚಿ ಸುರಿಯುತ್ತಾರೆ. ಹಾಲಿನ ಕವರು, ರಟ್ಟು, ಬಾಟಲಿ, ಹರಿದ ಚಪ್ಪಲಿ, ಅವುಗಳ ನಡುವೆ ಡೈಪರ್, ಒಡೆದ ಟ್ಯೂಬ್‌ಲೈಟ್. ತೂಕಕ್ಕಿಟ್ಟ ಚೀಲದಲ್ಲಿ ಪ್ಲಾಸ್ಟಿಕ್ ಎಷ್ಟು, ಮಳೆನೀರು ಎಷ್ಟು, ಮಣ್ಣು ಎಷ್ಟು ಎಂದು ಹೇಳಬಲ್ಲದ್ದು ಆ ಹೆಂಗಸರ ಕಣ್ಣು ಮತ್ತು ಕೈ ಮಾತ್ರ. ಅಲ್ಲಿ 40 ಕೆ.ಜಿ.ಯನ್ನು 60 ಎಂದು ಬರೆದರೆ ಬ್ಲಾಕ್‌ಚೈನ್ ಆ 60ನ್ನೇ ಕಾಪಾಡಿಕೊಂಡು ಬರುತ್ತದೆ. ಸುಳ್ಳಿಗೂ ನಿಜಕ್ಕೂ ಅದು ಕೊಡುವ ಕಾವಲು ಒಂದೇ.

ಇದು ಬರೀ ಊಹೆಯಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ಪ್ಯಾಕೇಜಿಂಗ್‌ಗೆ ಉತ್ಪಾದಕರನ್ನೇ ಹೊಣೆ ಮಾಡುವ ಮಾರ್ಗಸೂಚಿ ತಂದಿತು. ಮರುಬಳಕೆ ಘಟಕಗಳು ಕೇಂದ್ರದ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಹುಟ್ಟಿಸುತ್ತವೆ, ಕಂಪನಿಗಳು ಅದನ್ನು ಕೊಂಡು ತಮ್ಮ ಹೊಣೆ ತೀರಿತೆಂದು ತೋರಿಸುತ್ತವೆ. ಮುಂದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆಗೆ ಇಳಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ಕೆಲವು ಘಟಕಗಳಿಂದ ಹೊರಟ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಅವು ಹುಟ್ಟಿನಲ್ಲೇ ಸುಳ್ಳಾಗಿದ್ದವು. ಒಂದೇ ಪ್ರಮಾಣಪತ್ರವನ್ನು ಇಬ್ಬರಿಗೆ ಮಾರುವುದನ್ನು ಬ್ಲಾಕ್‌ಚೈನ್ ತಡೆದೀತು, ಒಪ್ಪುತ್ತೇನೆ. ಮರುಬಳಕೆಯೇ ಆಗದ ಪ್ಲಾಸ್ಟಿಕ್‌ಗೆ ಪ್ರಮಾಣಪತ್ರ ಹುಟ್ಟುವುದನ್ನು ಅದು ತಡೆಯಲಾರದು.

ಬ್ಲಾಕ್‌ಚೈನ್ ಪರವಾಗಿರುವವರು ಪ್ಲಾಸ್ಟಿಕ್ ಬ್ಯಾಂಕಿನ ಉದಾಹರಣೆ ಕೊಡುತ್ತಾರೆ. 2013ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿ, ಹೈಟಿಯಲ್ಲಿ ಕೆಲಸ ಶುರುಮಾಡಿ, ಐಬಿಎಂನ ಬ್ಲಾಕ್‌ಚೈನ್ ಬಳಸಿದ ಸಂಸ್ಥೆ ಅದು. ಅಲ್ಲಿ ಪ್ಲಾಸ್ಟಿಕ್ ಆಯುವವರಿಗೆ ಮಾರುಕಟ್ಟೆ ದರದ ಮೇಲೆ ಒಂದಿಷ್ಟು ಹೆಚ್ಚು ಸಿಗುತ್ತದೆ. ಅವರನ್ನು ಕರೆತಂದದ್ದು ಆ ಹೆಚ್ಚಿನ ಹಣ. ಬ್ಲಾಕ್‌ಚೈನ್‌ನ ಲೆಕ್ಕ ಬೇಕಿದ್ದದ್ದು ಸಾವಿರಾರು ಮೈಲಿ ದೂರದ ಕೊಳ್ಳುವ ಕಂಪನಿಗೆ. ನಮ್ಮ ಪಂಚಾಯ್ತಿಯಲ್ಲಿ ಕೊಳ್ಳುವ ಗುಜರಿಯವನು ಪಕ್ಕದ ಪೇಟೆಯವನು. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳನ್ನು ಅವನು ಮುಟ್ಟುವುದೇ ಇಲ್ಲ. ಟೋಕನ್ ಕೊಟ್ಟ ಮಾತ್ರಕ್ಕೆ ಅವಕ್ಕೆ ಗಿರಾಕಿ ಹುಟ್ಟುವುದಿಲ್ಲ. ಅವುಗಳ ಖರ್ಚನ್ನು ತಯಾರಿಸಿದವರೇ ಭರಿಸಬೇಕು.

ಲೆಕ್ಕ ಎಲ್ಲರ ಕಣ್ಣಿಗೂ ಬೀಳಲು ಬ್ಲಾಕ್‌ಚೈನ್ ಬೇಕಿಲ್ಲ ಎಂಬುದಕ್ಕೆ ಜಪಾನಿನ ಶಿಕೋಕು ದ್ವೀಪದ ಕಾಮಿಕಾತ್ಸು ಎಂಬ ಗುಡ್ಡಗಾಡಿನ ಊರನ್ನು ನೋಡಿ. ಜನಸಂಖ್ಯೆ 1,500ಕ್ಕೂ ಕಡಿಮೆ, ನಮ್ಮ ಒಂದು ಸಣ್ಣ ಹಳ್ಳಿಯಷ್ಟು. 2003ರಲ್ಲಿ ಜಪಾನಿನಲ್ಲೇ ಮೊದಲಾಗಿ ಶೂನ್ಯ ತ್ಯಾಜ್ಯದ ಗುರಿ ಘೋಷಿಸಿದ ಊರು. ಅಲ್ಲಿ ಕಸದ ಲಾರಿ ಮನೆ ಬಾಗಿಲಿಗೆ ಬರುವುದಿಲ್ಲ. ಹಸಿ ಕಸ ಮನೆಯಲ್ಲೇ ಗೊಬ್ಬರವಾಗುತ್ತದೆ. ಉಳಿದದ್ದನ್ನು ಜನ ತಾವೇ ತೊಳೆದು, ಒಣಗಿಸಿ, ಕೇಂದ್ರಕ್ಕೆ ತಂದು 40ಕ್ಕೂ ಹೆಚ್ಚು ಬಗೆಯಾಗಿ ಬೇರ್ಪಡಿಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಅಲ್ಲಿನ ಡಬ್ಬಿಗಳ ಮೇಲಿನ ಫಲಕ. ಈ ವಸ್ತು ಎಲ್ಲಿಗೆ ಹೋಗುತ್ತದೆ, ಏನಾಗಿ ಮರುಹುಟ್ಟುತ್ತದೆ, ಇದನ್ನು ಕಳಿಸಲು ಊರಿಗೆ ಕಿಲೋಗೆ ಎಷ್ಟು ಖರ್ಚು ಅಥವಾ ಎಷ್ಟು ಆದಾಯ ಎಂದು ಅದರಲ್ಲಿ ಬರೆದಿದೆ. ಬಾಟಲಿ ಹಾಕಲು ಬಂದ ಅಜ್ಜಿ ನಿಂತಲ್ಲೇ ಊರಿನ ಲೆಕ್ಕ ಓದಿಕೊಳ್ಳುತ್ತಾಳೆ. ಸುಮಾರು 80 ಪ್ರತಿಶತ ಮರುಬಳಕೆಯನ್ನು ಆ ಊರು ಸಾಧಿಸಿದ್ದು ಹೀಗೆ. ಉಳಿದ ಪಾಲಿನಲ್ಲಿರುವುದು ಡೈಪರ್‌ನಂಥ, ಮರುಬಳಕೆಗೆಂದು ತಯಾರಾಗದೇ ಇದ್ದ ವಸ್ತುಗಳು. ಆ ಪಾಲನ್ನು ಕರಗಿಸಲು ಯಾವ ಲೆಕ್ಕದ ಪುಸ್ತಕಕ್ಕೂ ಸಾಧ್ಯವಾಗಿಲ್ಲ.

ತಿದ್ದಲಾಗದ ದಾಖಲೆಯನ್ನು ದೊಡ್ಡ ಗುಣವೆಂದು ಹೊಗಳುವಾಗ ಇನ್ನೊಂದು ವಿಷಯ ಮರೆತುಹೋಗುತ್ತದೆ. ಬೆಳಗಿನಿಂದ ಬಗ್ಗಿ ಕಸ ವಿಂಗಡಿಸಿ ದಣಿದವಳು ಸಂಜೆ ಒಂದು ಅಂಕಿ ತಪ್ಪಿ ಒತ್ತುತ್ತಾಳೆ. ಅದನ್ನು ಸರಿಪಡಿಸಲು ಅವಳಿಗೆ ದಾರಿ ಬೇಕು. ಮನೆಮನೆಯ ಕಸ ಎಂದರೆ ಮನೆಮನೆಯ ಗುಟ್ಟು ಕೂಡ. ಮಾತ್ರೆಯ ಸ್ಟ್ರಿಪ್, ಮದ್ಯದ ಬಾಟಲಿ, ಮುಟ್ಟಿನ ಪ್ಯಾಡ್ ಇವೆಲ್ಲ ಅದರಲ್ಲಿರುತ್ತವೆ. ಅದನ್ನು ಎಂದೂ ಅಳಿಸಲಾಗದ ಕಡೆ ಬರೆದಿಡುವುದು, ವೈಯಕ್ತಿಕ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕು ಕೊಟ್ಟ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೂ ಒಗ್ಗದು.

ಬ್ಲಾಕ್‌ಚೈನ್‌ಗೆ ಮೂಲವಾದ ಬಿಟ್‌ಕಾಯಿನ್ ಕಲ್ಪನೆ 2008ರಲ್ಲಿ ಬಂದಾಗ ಅದರ ಗುರಿ, ಒಬ್ಬರನ್ನೊಬ್ಬರು ಅರಿಯದವರು ಬ್ಯಾಂಕಿನ ಹಂಗಿಲ್ಲದೆ ಹಣ ಕಳಿಸುವುದು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿದೆ. ಇಲ್ಲದಿರುವುದು ಪ್ರಶ್ನೆ ಕೇಳುವ ಬಲ. ಕಸ ಎತ್ತುವ ಕೆಲಸ ಇಂದಿಗೂ ಬಹುಪಾಲು ದಲಿತ ಕುಟುಂಬಗಳ ಹೆಗಲಿಗೇ ಬೀಳುತ್ತಿದೆ. ಅವರಿಗೆ ತಿಂಗಳ ಸಂಬಳ ತಡವಾದರೆ, ಕೈಗವಸು ಬರದಿದ್ದರೆ ಯಾರನ್ನು ಹಿಡಿದು ಕೇಳಬೇಕು? ಈ ಪ್ರಶ್ನೆಗೆ ಸಾಫ್ಟ್‌ವೇರ್ ಉತ್ತರ ಕೊಡುವುದಿಲ್ಲ.

ಉತ್ತರ ಕೇಳುವ ಜಾಗ ನಮ್ಮ ಕಾನೂನಿನಲ್ಲೇ ಇದೆ. ಕರ್ನಾಟಕದ ಪಂಚಾಯ್ತಿಗಳಲ್ಲಿ ಪ್ರತಿವರ್ಷ ಜಮಾಬಂದಿ ನಡೆಯಬೇಕು. ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಊರಿನವರ ಎದುರು ಪರಿಶೀಲಿಸುವ ಏರ್ಪಾಡು ಅದು. ಬ್ಲಾಕ್‌ಚೈನ್‌ಗೆಂದು ಎತ್ತಿಡುವ ಹಣದಲ್ಲಿ ಘಟಕಕ್ಕೆ ಸರಿಯಾದ ತಕ್ಕಡಿ, ಸೋರದ ಮಾಡು, ಕೆಲಸದವರಿಗೆ ವಿಮೆ ಕೊಡಲಿ. ಕಾಮಿಕಾತ್ಸುವಿನಂಥ ಒಂದು ಫಲಕ ಗೋಡೆಗೆ ಬರಲಿ, ವಾರಕ್ಕೊಮ್ಮೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಜಮಾಬಂದಿಯ ದಿನ ತಕ್ಕಡಿಯನ್ನೇ ಸಭೆಯ ನಡುವೆ ಇಡಲಿ. ಒಂದು ಚೀಲ ತೂಗಿ, ಬಿಚ್ಚಿ ಸುರಿದು, ಒಳಗೇನಿದೆ ಎಂದು ದಿನವೂ ವಿಂಗಡಿಸುವ ಹೆಂಗಸರೇ ಮೈಕು ಹಿಡಿದು ಹೇಳಲಿ.