ನಗರ ನವೀಕರಣದ ಖರ್ಚು: ಒಂದು ವಿಮರ್ಶೆ

ನಮ್ಮ ವಡೋದರಾದಲ್ಲಿ ಮಳೆಗಾಲ ಬಂತೆಂದರೆ ಒಂದು ಚರ್ಚೆ ತಪ್ಪದೆ ತಲೆಯೆತ್ತುತ್ತದೆ. ನಗರದ ನವೀಕರಣಕ್ಕೆಂದು ಕೋಟಿಗಟ್ಟಲೆ ಹಣ ಸುರಿದರಲ್ಲ, ಫಲವೇನು ಎಂಬುದೇ ಆ ಚರ್ಚೆ. ಇಷ್ಟು ಖರ್ಚಾಗಿದೆ, ಆದ್ದರಿಂದ ಊರು ಮುಂದುವರಿದಿದೆ ಎನ್ನುವವರು ಒಂದು ಪಕ್ಷ. ಇಷ್ಟು ಖರ್ಚಾಗಿದೆ, ಆದ್ದರಿಂದ ಹಣ ಪೋಲಾಗಿದೆ ಎನ್ನುವವರು ಇನ್ನೊಂದು ಪಕ್ಷ. ಇಬ್ಬರೂ ನೋಡುವುದು ಒಂದೇ ಅಂಕಿಯನ್ನು. ಚರ್ಚೆಯ ದೋಷ ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಕಡತಗಳ ನಡುವೆ ಬಾಳುವ ನಮ್ಮಂಥ ಸರ್ಕಾರಿ ಗುಮಾಸ್ತರಿಗೆ 'ಬಳಕೆ ಪ್ರಮಾಣಪತ್ರ' ಚಿರಪರಿಚಿತವಾದುದು. ಮಂಜೂರಾದ ಹಣ ಮಂಜೂರಾದ ಉದ್ದೇಶಕ್ಕೇ ವೆಚ್ಚವಾಯಿತೆಂದು ಸಹಿ ಹಾಕಿ ಕಳುಹಿಸುವ ಕಾಗದ ಅದು. ಅದು ಅವಶ್ಯವೇ ಸರಿ. ಆದರೆ ಇಂದು ಕಟ್ಟಿದ ಚರಂಡಿಯಲ್ಲಿ ಐದು ವರ್ಷದ ಮೇಲೂ ನೀರು ಹರಿದೀತೆ ಎಂಬುದನ್ನು ಆ ಕಾಗದ ಹೇಳಲಾರದು.

೨೦೦೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಯೋಜನೆಯಲ್ಲಿ ವಡೋದರಾ ಸೇರಿತ್ತು. ೨೦೧೫ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂದಿತು. ೨೦೧೬ರ ಸೆಪ್ಟೆಂಬರಿನ ಪಟ್ಟಿಯಲ್ಲಿ ನಮ್ಮ ನಗರದ ಹೆಸರೂ ಬಂತು. ಒಂದೊಂದು ನಗರಕ್ಕೆ ಕೇಂದ್ರದ ಪಾಲು ೫೦೦ ಕೋಟಿ ರೂಪಾಯಿಗಳವರೆಗೆ ಎಂದು ನಿಗದಿಯಾಗಿತ್ತು. ೨೦೨೫ರ ಮಾರ್ಚಿಗೆ ಆ ಯೋಜನೆ ಮುಗಿದೂ ಹೋಯಿತು. ಇಂಥ ಯೋಜನೆಗಳ ಹಣ ಮುಖ್ಯವಾಗಿ ಕಟ್ಟುವುದಕ್ಕೆ ಬರುತ್ತದೆ. ಕಟ್ಟಿದ್ದನ್ನು ಕಾಪಾಡುವ ಹೊರೆ ಮನೆ ಕಂದಾಯ ನೆಚ್ಚಿಕೊಂಡ ನಗರಪಾಲಿಕೆಯ ಮೇಲೆ ಬೀಳುತ್ತದೆ. ಮದುವೆಗೆ ಸಾಲ ಕೊಡುವವರುಂಟು, ಸಂಸಾರ ನಡೆಸಲು ಕೊಡುವವರಿಲ್ಲ ಎಂಬಂತಾಯಿತು.

ವಿಶ್ವಾಮಿತ್ರಿ ನದಿಯ ವಿಷಯವನ್ನೇ ನೋಡೋಣ. ಅಹಮದಾಬಾದಿನ ಸಾಬರಮತಿ ತೀರ ೨೦೧೨ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ, ನಮಗೂ ಅಂಥದೇ ಒಂದು ಬೇಕೆಂಬ ಆಸೆ ಇಲ್ಲಿ ಬಲವಾಯಿತು. ಆಸೆ ತಪ್ಪಲ್ಲ. ಆದರೆ ಸಾಬರಮತಿಯದು ಅಗಲವಾದ ಮರಳಿನ ಪಾತ್ರ. ಅಲ್ಲಿ ಈಗ ತುಂಬಿ ಕಾಣುವುದು ಕಾಲುವೆಯ ಮೂಲಕ ತಂದ ನರ್ಮದೆಯ ನೀರು. ಆ ದಡಗಳಿಂದ ಹತ್ತು ಸಾವಿರದಷ್ಟು ಬಡ ಕುಟುಂಬಗಳು ಎದ್ದುಹೋಗಬೇಕಾಯಿತೆಂಬುದನ್ನೂ ಮರೆಯಲಾಗದು. ವಿಶ್ವಾಮಿತ್ರಿಯಾದರೋ ಪಾವಾಗಢದಿಂದ ಇಳಿದು ಊರಿನ ನಡುವೆ ಹಾವಿನಂತೆ ಸುತ್ತಿ ಹರಿಯುವ ಕಿರಿದಾದ ಹೊಳೆ. ಅದರ ಅಕ್ಕಪಕ್ಕದ ಕೊರಕಲುಗಳೇ ಪ್ರವಾಹವನ್ನು ತಡೆದು ಹಿಡಿಯುವ ಪಾತ್ರೆಗಳು. ನೂರಾರು ಮೊಸಳೆಗಳಿಗೂ ಅದೇ ಮನೆ. ಒಂದು ನದಿಯ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಲಾದೀತೆ? ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋಗಿ, ನದಿಯ ಎಲ್ಲೆಯನ್ನು ಗುರುತಿಸಿ ಒತ್ತುವರಿಯನ್ನು ತಡೆಯಬೇಕೆಂದು ೨೦೨೧ರ ಮೇ ತಿಂಗಳಲ್ಲಿ ಆದೇಶವಾಯಿತು.

ಮುಂದೆ ೨೦೨೪ರ ಆಗಸ್ಟ್ ಕೊನೆಯ ವಾರ. ಅಪಾಯದ ಮಟ್ಟವನ್ನು ದಾಟಿ ನದಿ ಏರಿದ್ದು ೩೫ ಅಡಿಗೂ ಮೇಲೆ. ೨೦೧೯ರ ಜುಲೈ ೩೧ರಂದು ಒಂದೇ ದಿನ ೫೦೦ ಮಿಲಿಮೀಟರಿನಷ್ಟು ಮಳೆ ಸುರಿದು ಊರು ಮುಳುಗಿದ್ದು ಆಗಲೇ ಒಂದು ಎಚ್ಚರಿಕೆಯಾಗಿತ್ತು. ಇಲ್ಲಿಯವರು 'ಕಾಂಸ್' ಎನ್ನುವ ಮಳೆನೀರಿನ ಹಳೆಯ ಹಾದಿಗಳು, ಅಂದರೆ ನಮ್ಮ ಬೆಂಗಳೂರಿನ ರಾಜಕಾಲುವೆಗಳ ತಮ್ಮಂದಿರು, ಎಷ್ಟೋ ಕಡೆ ಮುಚ್ಚಿಹೋಗಿವೆ, ತಿರುಗಿಹೋಗಿವೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರವಾಹದ ಮೇಲೆ ರಾಜ್ಯ ಸರ್ಕಾರ ೧,೨೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ೨೦೨೫ರ ಬೇಸಗೆಯಲ್ಲಿ ನಗರದೊಳಗಿನ ಸುಮಾರು ೨೪ ಕಿಲೋಮೀಟರ್ ಉದ್ದಕ್ಕೆ ನದಿಯ ಹೂಳೆತ್ತುವ ಕೆಲಸ ಭರದಿಂದ ನಡೆಯಿತು. ಸೊಬಗಿನಿಂದ ಗಮನ ನೀರಿನತ್ತ ತಿರುಗಿತಲ್ಲ, ಇದನ್ನು ಮೆಚ್ಚಬೇಕು. ಆದರೆ ಹೂಳು ಒಮ್ಮೆ ತೆಗೆದರೆ ಮುಗಿಯುವ ಸಾಲವಲ್ಲ, ವರ್ಷ ವರ್ಷ ಬೆಳೆಯುವ ಬಡ್ಡಿ.

ಕಾಪಾಡುವ ಕೆಲಸದಲ್ಲಿ ಉಪೇಕ್ಷೆಯಾದರೆ ನಷ್ಟ ಹಣದ್ದಷ್ಟೇ ಅಲ್ಲ. ಹರಣಿ ಕೆರೆಯನ್ನು ಖಾಸಗಿ ಸಹಭಾಗಿತ್ವದಲ್ಲಿ ವಿಹಾರಸ್ಥಳವಾಗಿ ಮಾಡಲಾಯಿತು. ೨೦೨೪ರ ಜನವರಿ ೧೮ರಂದು ಅಲ್ಲಿ ದೋಣಿ ಮಗುಚಿ ಪ್ರವಾಸಕ್ಕೆ ಬಂದಿದ್ದ ೧೨ ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೆರೆಯ ಸೊಬಗಿಗೆ ಹಣವಿತ್ತು. ದೋಣಿಗೆ ಎಷ್ಟು ಜನ ಹತ್ತಿದರೆಂದು ಎಣಿಸುವ ಕಣ್ಣಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಲ್ಲಿ ನಗು ತರಿಸುವುದಿಲ್ಲ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ನೆರೆಯ ಸೂರತ್ತಿನಲ್ಲಿದೆ. ೧೯೯೪ರ ಪ್ಲೇಗಿನಿಂದ ಹೆಸರು ಕೆಟ್ಟ ಆ ನಗರ, ಎಸ್. ಆರ್. ರಾವ್ ಅವರು ೧೯೯೫ರಲ್ಲಿ ಕಮಿಷನರಾಗಿ ಬಂದ ಮೇಲೆ ಎರಡು ಮೂರು ವರ್ಷಗಳಲ್ಲೇ ಶುಚಿತ್ವಕ್ಕೆ ಹೆಸರಾಯಿತು. ಅಲ್ಲಿ ನಡೆದದ್ದು ಭವ್ಯ ನಿರ್ಮಾಣಕ್ಕಿಂತ ಹೆಚ್ಚಾಗಿ ನಿತ್ಯದ ಕೆಲಸ: ಅಧಿಕಾರಿಗಳು ದಿನವೂ ಬೀದಿಗಿಳಿದರು, ವಲಯಗಳಿಗೆ ಅಧಿಕಾರ ದೊರೆಯಿತು, ಕಸ ಹೊತ್ತಿಗೆ ಸರಿಯಾಗಿ ಎದ್ದಿತು. ನಮ್ಮ ಊರಲ್ಲೇ ಮಹಾರಾಜ ಸಯಾಜಿರಾಯರ ಕಾಲದಲ್ಲಿ, ೧೮೯೨ರಲ್ಲಿ, ಸಿದ್ಧವಾದ ಆಜವಾ ಜಲಾಶಯ ಇಂದಿಗೂ ನಗರದ ಒಂದು ಭಾಗಕ್ಕೆ ನೀರುಣಿಸುತ್ತಿದೆ. ಕಟ್ಟಿದವರಷ್ಟೇ ಕಾಪಾಡಿದವರ ಪುಣ್ಯವೂ ಅದರಲ್ಲಿದೆ.

ನಾವು ಹೊರಗಿನಿಂದ ಬಂದವರು, ನಮಗೇಕೆ ಈ ಉಸಾಬರಿ ಎಂದು ನಮ್ಮ ಬಂಧುಗಳಲ್ಲಿ ಕೆಲವರು ಹೇಳುವುದುಂಟು. ಆದರೆ ಪ್ರವಾಹದ ನೀರು ಬಾಗಿಲಲ್ಲಿ ನಿಂತು ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ. ಕಂದಾಯದ ರಸೀದಿಯೂ ಕೇಳುವುದಿಲ್ಲ. ಪ್ರತಿವರ್ಷ ನಗರಪಾಲಿಕೆಯ ಆಯವ್ಯಯ ಸಿದ್ಧವಾಗುವ ಹೊತ್ತಿಗೆ ನಮ್ಮ ನಮ್ಮ ವಾರ್ಡಿನ ಸದಸ್ಯರನ್ನು ನಾವು ಎರಡೇ ಪ್ರಶ್ನೆ ಕೇಳೋಣ. ಹೊಸದಾಗಿ ಕಟ್ಟುವ ಈ ಕೆಲಸವನ್ನು ಕಾಪಾಡಲು ವರ್ಷಕ್ಕೆ ಎಷ್ಟು ಹಣ ತೆಗೆದಿಟ್ಟಿದ್ದೀರಿ? ಇದರಿಂದ ಮಳೆನೀರಿನ ಯಾವ ಹಾದಿ ಮುಚ್ಚುತ್ತದೆ? ಇವಕ್ಕೆ ಉತ್ತರ ಸಿಕ್ಕ ಮೇಲೆ ಒಟ್ಟು ಖರ್ಚಿನ ಅಂಕಿಯನ್ನು ಕೇಳಿದರೂ ತಡವಾಗದು.