ಇಳಕಲ್ ಸೆರಗಿನ ಕೆಂಪಿಗೆ ಎಂಥ ಮಾನಿಟರ್?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಒಳ್ಳೆಯ ಮಾನಿಟರ್ ನಿಜಕ್ಕೂ ಬೇಕಾಗುವುದು ಇಬ್ಬರಿಗೆ: ಮದುವೆ ಆಲ್ಬಂ ಮಾಡುವ ಸ್ಟುಡಿಯೊದವರಿಗೆ, ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯವರಿಗೆ. ಗೇಮ್ ಆಡುವ ಹುಡುಗರ ಲೆಕ್ಕವೇ ಬೇರೆ, ಅದನ್ನು ಇನ್ನೊಂದು ವಾರ ನೋಡೋಣ. ‘ಲಕ್ಷ ರೂಪಾಯಿ ಹಾಕಿದರೆ ಕೆಲಸ ಚಲೋ ಬರುತ್ತದೆಯೇ?’ ಎನ್ನುವುದು ಈ ಇಬ್ಬರ ಪ್ರಶ್ನೆ. ಅಷ್ಟು ಬೇಕಿಲ್ಲ. ಅದರಲ್ಲಿ ಅರ್ಧ ಹಾಕಿದರೂ ಸಾಕು, ಎಲ್ಲಿ ಹಾಕಬೇಕೆಂದು ಗೊತ್ತಿರಬೇಕು.

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಇಳಕಲ್. ಈ ಭಾಗದ ಮದುವೆ ಆಲ್ಬಂನಲ್ಲಿ ಇಳಕಲ್ ಸೀರೆ ಇಲ್ಲದ ಪುಟ ಅಪರೂಪ. ಅದರ ತೋಪು ತೆನೆ ಸೆರಗು ಯಾವ ಮಾನಿಟರಿಗೂ ಕಠಿಣ ಪರೀಕ್ಷೆ: ಕಡುಗೆಂಪು ರೇಷ್ಮೆಯ ಮೇಲೆ ಬಿಳಿ ತೆನೆಗಳ ಸಾಲು. ಅಗ್ಗದ ಪರದೆ ಆ ಕೆಂಪನ್ನು ಇಟ್ಟಿಗೆ ಬಣ್ಣಕ್ಕೆ ಇಳಿಸುತ್ತದೆ. ಅದನ್ನು ನಂಬಿ ಡಿಸೈನರ್ ಬಣ್ಣ ಏರಿಸುತ್ತಾನೆ. ಪ್ರಿಂಟಿನಲ್ಲಿ ಸೆರಗಿನ ನಿರಿಗೆಗಳೆಲ್ಲ ಅಳಿಸಿ ಕೆಂಪು ಮುದ್ದೆಯಾಗಿ ಬರುತ್ತದೆ. ಇನ್ನು ತೀರಾ ದುಬಾರಿಯ ಅಗಲ ಬಣ್ಣದ ಪರದೆ ತಂದು ಅದರ ಬಣ್ಣ ಹೊಂದಿಸದೆ ಹಾಗೆಯೇ ಬಿಟ್ಟರೆ ಅದೇ ಫೋಟೊ ಇರುವುದಕ್ಕಿಂತ ಕೆಂಪಾಗಿ ಕಾಣುತ್ತದೆ. ಈಗ ಬಣ್ಣ ಇಳಿಸುತ್ತಾರೆ, ಪ್ರಿಂಟ್ ಸಪ್ಪೆಯಾಗುತ್ತದೆ. ಎರಡೂ ಸಲ ‘ನಮ್ಮ ಸೀರಿ ಬಣ್ಣ ಹಿಂಗ ಇರ್ಲಿಲ್ರೀ ಅಣ್ಣಾರ’ ಎಂದು ಮದುಮಗಳ ಅವ್ವ ಹೇಳುವ ಮಾತು ಒಂದೇ. ಆ ತಾಯಿಯ ಕಣ್ಣಿಗಿಂತ ದೊಡ್ಡ ಅಳತೆ ಈ ಕಸುಬಿನಲ್ಲಿ ಇಲ್ಲ.

ಆಲ್ಬಂ ಲ್ಯಾಬ್‌ಗಳು ಹೆಚ್ಚಾಗಿ ಕೇಳುವುದು ಎಸ್‌ಆರ್‌ಜಿಬಿ ಫೈಲನ್ನು. 1996ರಲ್ಲಿ ಎಚ್‌ಪಿ, ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಬಣ್ಣದ ಅಳತೆ ಅದು. ಅಂದಮೇಲೆ ಆ ಅಳತೆಯನ್ನು ಪೂರ್ತಿಯಾಗಿ, ತಪ್ಪಿಲ್ಲದೆ ತೋರಿಸುವ ಐಪಿಎಸ್ ಪರದೆ ಇದ್ದರೆ ಆಲ್ಬಂ ಕೆಲಸ ನಡೆಯುತ್ತದೆ. ಅದರಾಚೆಯ ಅಡೋಬ್ ಆರ್‌ಜಿಬಿ, ಡಿಸಿಐ-ಪಿ3 ಬಣ್ಣಗಳಿಗೆ ಕೊಡುವ ಹೆಚ್ಚುವರಿ ಹಣ ಇಂಥ ಆಲ್ಬಂನ ಕಾಗದಕ್ಕೆ ಇಳಿಯುವುದಿಲ್ಲ. ‘ಆಲ್ಬಂ ಕಪ್ಪಾಗಿ ಬಂತು’ ಎನ್ನುವವರು ಲ್ಯಾಬಿನವರ ಮೇಲೆ ಸಿಟ್ಟಾಗುವ ಮೊದಲು ತಮ್ಮ ಪರದೆಯ ಬ್ರೈಟ್‌ನೆಸ್ ನೋಡಿಕೊಳ್ಳಲಿ. 300 ನಿಟ್ಸ್‌ನಲ್ಲಿ ಉರಿಯುವ ಪರದೆ ನೋಡಿ ತಿದ್ದಿದ ಫೋಟೊ ಕಾಗದದ ಮೇಲೆ ಕಪ್ಪಾಗಿಯೇ ಬರುತ್ತದೆ. 100ರಿಂದ 120 ನಿಟ್ಸ್ ಸಾಕು.

ನನ್ನ ಮಟ್ಟಿಗೆ ಬಣ್ಣದಷ್ಟೇ ದೊಡ್ಡ ಸಂಗತಿ ಅಕ್ಷರ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಹಿರೇಮಠ ಎಂಬ ಅಡ್ಡಹೆಸರು ಎಷ್ಟು ಸಲ ಬರುತ್ತದೆ! 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 92 ಪಿಕ್ಸೆಲ್. 10 ಪಾಯಿಂಟ್ ಅಕ್ಷರವನ್ನು ಅದರ ನಿಜ ಅಳತೆಯಲ್ಲಿ ತೋರಿಸಿದರೆ ಎತ್ತರಕ್ಕೆ ಸಿಗುವುದು ಹೆಚ್ಚೆಂದರೆ 13 ಪಿಕ್ಸೆಲ್. ಅಷ್ಟರಲ್ಲಿ ಅಕ್ಷರ, ಗುಣಿತ, ಕೆಳಗಿನ ಒತ್ತು ಎಲ್ಲವೂ ಹಿಡಿಸಬೇಕು. ಅಲ್ಲಿ ಠ ಅಕ್ಷರದ ನಡುವಿನ ಚುಕ್ಕೆ ಮಸುಕಾಗಿ, ಹಿರೇಮಠ ‘ಹಿರೇಮರ’ ಆಗಿದ್ದರೂ ಪ್ರೂಫ್ ನೋಡುವವನಿಗೆ ಗೊತ್ತಾಗುವುದಿಲ್ಲ. ಥ, ಧ, ಷ್ಟ್ರ ಇವುಗಳ ಪಾಡೂ ಅದೇ. 27 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 163 ಪಿಕ್ಸೆಲ್. ಅದೇ ಅಕ್ಷರಕ್ಕೆ ಸುಮಾರು 23 ಪಿಕ್ಸೆಲ್ ಸಿಗುತ್ತದೆ. ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ರಾತ್ರಿ ಹನ್ನೊಂದರವರೆಗೆ ಕೂತು ಕೆಲಸ ಮಾಡುವವರ ಕಣ್ಣಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ.

ಆಲ್ಬಂನವರಿಗೂ ಇದರಿಂದ ಲಾಭವಿದೆ. 12×36 ಇಂಚಿನ ಹಾಳೆಯನ್ನು 300 ಡಿಪಿಐನಲ್ಲಿ ಮಾಡಿದರೆ ಅಗಲಕ್ಕೆ 10,800 ಪಿಕ್ಸೆಲ್. ಪೂರ್ತಿ ಗಾತ್ರದಲ್ಲಿ ತೆರೆದಾಗ ಫುಲ್ ಎಚ್‌ಡಿಯಲ್ಲಿ ಆ ಅಗಲದ ಐದನೆಯ ಒಂದು ಪಾಲೂ ಕಾಣುವುದಿಲ್ಲ. 4ಕೆಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚೇ ಕಾಣುತ್ತದೆ.

ಓಎಲ್‌ಇಡಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಅದರ ಕಪ್ಪು ನಿಜವಾದ ಕಪ್ಪು, ಸಿನಿಮಾ ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಫೋಟೊಶಾಪ್‌ನ ಟೂಲ್ ಪಟ್ಟಿ ದಿನವಿಡೀ ಒಂದೇ ಜಾಗದಲ್ಲಿ ನಿಂತಿರುವ ಕೆಲಸಕ್ಕೆ ಅದನ್ನು ಹಾಕಿದರೆ ಕಾಲಕ್ರಮೇಣ ಆ ಗುರುತು ಪರದೆಯಲ್ಲೇ ಉಳಿಯುವ ಭಯವಿದೆ. ಅದರದೇ ಒಂದು ಬಗೆಯಾದ ಕ್ಯೂಡಿ-ಓಎಲ್‌ಇಡಿಯ ಅನೇಕ ಪರದೆಗಳಲ್ಲಿ ಬಣ್ಣದ ಬಿಂದುಗಳು ತ್ರಿಕೋನವಾಗಿ ಕೂತಿರುವುದರಿಂದ ಸಣ್ಣ ಅಕ್ಷರದ ಅಂಚಿಗೆ ಹಸಿರು, ಗುಲಾಬಿ ಛಾಯೆ ಹತ್ತುತ್ತದೆ. ಡಿಟಿಪಿಯವರು ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು. ಡಬ್ಬಿಯ ಮೇಲಿನ ‘ಡಿಸ್‌ಪ್ಲೇ ಎಚ್‌ಡಿಆರ್ 400’ ಎಂಬ ಮುದ್ರೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಅದು ಆ ಶ್ರೇಣಿಯಲ್ಲೇ ತೀರಾ ಕೆಳಗಿನ ದರ್ಜೆ. ಇನ್ನು ಜಪಾನಿನ ಐಜೊ ಕಂಪನಿಯ ಕಲರ್‌ಎಡ್ಜ್ ಮಾನಿಟರುಗಳ ಮೇಲೆ ನನಗೆ ಅಪಾರ ಗೌರವ. ಮೇಲ್ದರ್ಜೆಯ ಮಾದರಿಗಳಲ್ಲಿ ಬಣ್ಣ ಅಳೆಯುವ ಕಣ್ಣು ಪರದೆಯಲ್ಲೇ ಇರುತ್ತದೆ, ಮೂಲೆಯಿಂದ ಮೂಲೆಗೆ ಬೆಳಕು ಸಮ. ಆದರೆ ಬೆಲೆ ಲಕ್ಷ ದಾಟುತ್ತದೆ. ಅದು ಮ್ಯೂಸಿಯಂ, ದೊಡ್ಡ ಮುದ್ರಣಾಲಯಗಳಿಗೆ ಸಲ್ಲುವ ವಸ್ತು.

ನಮ್ಮ ಬಿಸಿಲನ್ನೂ ಮರೆಯುವಂತಿಲ್ಲ. ಅನೇಕ ಮಾನಿಟರುಗಳ ವಿವರಪಟ್ಟಿಯಲ್ಲಿ ಕೆಲಸ ಮಾಡುವ ತಾಪಮಾನದ ಮಿತಿ 40 ಡಿಗ್ರಿ ಎಂದಿರುತ್ತದೆ. ಮದುವೆಗಳು ಜೋರಾಗಿರುವ ಏಪ್ರಿಲ್, ಮೇನಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು ಅದನ್ನು ದಾಟುತ್ತದೆ. ತಗಡಿನ ಮಾಳಿಗೆಯ ಅಂಗಡಿಯವರು ಮೊದಲು ಕೂಲರಿಗೆ, ಒಳ್ಳೆಯ ಯುಪಿಎಸ್‌ಗೆ ದುಡ್ಡು ಎತ್ತಿಡಿ.

ನನ್ನ ಲೆಕ್ಕ ಇಷ್ಟು: 27 ಇಂಚು, 4ಕೆ, ಐಪಿಎಸ್, ಕಾರ್ಖಾನೆಯಲ್ಲೇ ಬಣ್ಣ ಹೊಂದಿಸಿದ ಪರದೆ. ಸ್ಟ್ಯಾಂಡ್, ವಾರಂಟಿ ಒಳ್ಳೆಯದಿದ್ದರೆ ಸುಮಾರು ಐವತ್ತು ಸಾವಿರ, ಶೇ 18 ಜಿಎಸ್‌ಟಿ ಸೇರಿ. ಅದಕ್ಕಿಂತ ಮೇಲೆ ಕೊಡುವ ಮನಸ್ಸಿದ್ದರೆ ಆ ಹಣವನ್ನು ಬಣ್ಣ ಅಳೆಯುವ ಕ್ಯಾಲಿಬ್ರೇಟರಿಗೆ ಕೊಡಿ. ಅದಿಲ್ಲದಿದ್ದರೆ ಎಂಥ ಪರದೆಯೂ ದಿನ ಕಳೆದಂತೆ ದಾರಿ ತಪ್ಪುತ್ತದೆ. ಆ ಯಂತ್ರ ಒಂದು ಪರದೆಗೆ ಬೇಕಾಗುವುದು ತಿಂಗಳಿಗೊಮ್ಮೆ, ಅರ್ಧ ಗಂಟೆ. ಒಂದೊಂದು ಊರಿನ ಸ್ಟುಡಿಯೊದವರು ನಾಲ್ಕೈದು ಮಂದಿ ಕೂಡಿ ಒಂದನ್ನು ತನ್ನಿ, ಸರತಿಯಲ್ಲಿ ಬಳಸಿ.