ಕೊನೆಯ ವರ್ಷದ ಗೋಡೆ

ಚಿತ್ರಕಲೆಯಲ್ಲಿ ಪದವಿ ಮಾಡುವವರಿಗೆ ಕೊನೆಯ ಸೆಮಿಸ್ಟರಿನಲ್ಲಿ ಒಂದು ಗೋಡೆ ಸಿಗುತ್ತದೆ. ಹೆಚ್ಚೆಂದರೆ ಹತ್ತು ಹನ್ನೆರಡು ಅಡಿ ಅಗಲ. ಹಿಂದಿನ ವರ್ಷದವರು ಹೊಡೆದ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಬಿಳಿ ಬಣ್ಣ ಬಳಿದು, ದಾರ ಎಳೆದು ಮಟ್ಟ ನೋಡಿ, ‘ಬಲಕ್ಕ ಸ್ವಲ್ಪ ಇಳಸಲೇ’ ಎಂದು ಗೆಳೆಯರಿಗೆ ಕೂಗುತ್ತ ರಾತ್ರಿ ಎರಡರ ತನಕ ಕ್ಯಾನ್ವಾಸು ತೂಗುಹಾಕುತ್ತಾರೆ. ಮರುದಿನ ಹೊರಗಿನ ಪರೀಕ್ಷಕರು ಬರುತ್ತಾರೆ. ನಾಲ್ಕು ವರ್ಷದ ಬಿ.ವಿ.ಎ. ಓದು ಆ ಗೋಡೆಯ ಮುಂದೆ ಕಾಲು ಗಂಟೆಯಲ್ಲಿ ಇತ್ಯರ್ಥವಾಗುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಪ್ರದರ್ಶನಗಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಯಾರಾದರೂ ಕರೆಯಲಿ ಬಿಡಲಿ, ಬೇಸಿಗೆ ಬಂತೆಂದರೆ ಹೋಗುತ್ತೇನೆ. ಈ ಮಕ್ಕಳ ಕೈ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಆದರೆ ಗೋಡೆಯ ಮೇಲೆ ಇರುವುದಕ್ಕಿಂತ ಒಳ್ಳೆಯ ಕೆಲಸ ಅವರ ಚೀಲದಲ್ಲೇ ಉಳಿದಿರುತ್ತದೆ. ವರ್ಷ ವರ್ಷವೂ ಇದನ್ನೇ ಕಂಡು ನನಗೆ ಸಂಕಟವಾಗಿದೆ.

ಕೈ ಪಳಗಿದ್ದರ ಹಿಂದೆ ದೊಡ್ಡ ಪರಂಪರೆ ಇದೆ. ಡಿ.ವಿ. ಹಾಲಭಾವಿಯವರು ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು ಬಂದು 1930ರ ದಶಕದಲ್ಲಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. 1857ರಲ್ಲಿ ಶುರುವಾದ ಜೆ.ಜೆ.ಯಲ್ಲಿ 1920ರ ದಶಕದ ಹೊತ್ತಿಗೆ ಅಲ್ಲಿಯ ಮುಖ್ಯಸ್ಥ ಗ್ಲ್ಯಾಡ್‌ಸ್ಟನ್ ಸಾಲೊಮನ್ ಜೀವಂತ ಮಾದರಿಯನ್ನು ಎದುರಿಗೆ ಕೂರಿಸಿ ಬರೆಸುವ ಪದ್ಧತಿಗೆ ಒತ್ತು ಕೊಟ್ಟಿದ್ದರು. 1956ರ ಏಕೀಕರಣದ ತನಕ ನಾವು ಮುಂಬಯಿ ಆಡಳಿತದ ಸೀಮೆಯವರು. ಆ ಪದ್ಧತಿ ನೇರವಾಗಿ ನಮ್ಮಲ್ಲಿಗೆ ಹರಿದು ಬಂತು. ರೋಣದಿಂದಲೋ ನರಗುಂದದಿಂದಲೋ ಸವಣೂರಿನಿಂದಲೋ ಬಂದ ಹುಡುಗ, ತನ್ನೂರಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರನ್ನೇ ಕಾಣದವನು, ಇಲ್ಲಿ ಬಂದು ಎರಡನೆಯ ವರ್ಷದ ಹೊತ್ತಿಗೆ ಮುದುಕನ ಕುತ್ತಿಗೆಯ ನರವನ್ನು, ಪಟಗದ ಮಡಿಕೆಯೊಳಗಿನ ನೆರಳನ್ನು ತಪ್ಪಿಲ್ಲದೆ ಬರೆಯುತ್ತಾನೆ. ಇದನ್ನು ‘ಹಳೇ ಕಾಲದ ರಿಯಲಿಸಂ’ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮನುಷ್ಯನ ಮುಖವನ್ನು ಮೂರು ತಾಸು ಸುಮ್ಮನೆ ನೋಡುವುದು ಯಾವ ಕಾಲಕ್ಕೂ ದೊಡ್ಡ ಶಿಕ್ಷಣ.

ತೊಡಕು ಶುರುವಾಗುವುದು ನಾಲ್ಕನೆಯ ವರ್ಷದಲ್ಲಿ. ಅಲ್ಲಿಯ ತನಕ ಮಾದರಿಯನ್ನು ಕೂರಿಸಿದವರು ಮೇಷ್ಟ್ರು, ಎಲ್ಲಿ ಕೂತು ಲ್ಯಾಂಡ್‌ಸ್ಕೇಪ್ ಮಾಡಬೇಕೆಂದು ಹೇಳಿದವರೂ ಅವರೇ. ಈಗ ಒಮ್ಮೆಗೇ ‘ನಿಮ್ಮದೇ ಒಂದು ಸೀರೀಸ್ ಮಾಡ್ರಿ’ ಎನ್ನುತ್ತಾರೆ. ಬರೆಯುವುದನ್ನು ಮೂರು ವರ್ಷ ಕಲಿಸಿದ್ದೇವೆ, ಆಯ್ದುಕೊಳ್ಳುವುದನ್ನು ಯಾವ ತರಗತಿಯಲ್ಲಿ ಕಲಿಸಿದೆವು? ಹುಡುಗರು ಫೋನು ತೆರೆಯುತ್ತಾರೆ. ಬೆಂಗಳೂರಿನ, ಬರೋಡಾದ ಪ್ರದರ್ಶನಗಳನ್ನು ನೋಡುತ್ತಾರೆ. ನಾಲ್ಕು ವಾರದಲ್ಲಿ ಗೋಡೆಯ ತುಂಬ ಮುರಿದ ಗಡಿಯಾರ, ಪಂಜರದ ಹಕ್ಕಿ, ಮುಖವಿಲ್ಲದ ಹೆಂಗಸು, ನಗರದ ಮೇಲೆ ತೇಲುವ ಕುರ್ಚಿ. ಎರಡನೆಯ ವರ್ಷದಲ್ಲಿ ಕೆಲಗೇರಿ ಕೆರೆಯ ದಂಡೆಗೆ ಕೂತು, ನೀರಿನ ಮೇಲೆ ಮೋಡದ ಬಣ್ಣ ಹೇಗೆ ಕದಲುತ್ತದೆ ಎಂದು ಹಿಡಿದ ಹುಡುಗನೇ ಈ ಕುರ್ಚಿ ಬರೆದವನು ಎಂದರೆ ನಂಬಲು ಕಷ್ಟ. ಧಾರವಾಡ ಇರುವುದೇ ಎರಡು ನೆಲ ಕೂಡುವಲ್ಲಿ. ಮೂಡಲಿಗೆ ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲ, ಪಡುವಲಿಗೆ ಅಳ್ನಾವರ, ಕಲಘಟಗಿ ಕಡೆ ಕಾಡು. ಒಂದೇ ಹಗಲಿನಲ್ಲಿ ಎರಡು ತರಹದ ಬೆಳಕು ಕಾಣುವ ಊರು. ಆ ಬೆಳಕು ಕೊನೆಯ ವರ್ಷದ ಗೋಡೆಯಿಂದ ಹೇಗೆ ಮಾಯವಾಗುತ್ತದೆ?

ಒಂದು ಗೋಡೆಯ ಬಗ್ಗೆ ವಿವರವಾಗಿ ಹೇಳುತ್ತೇನೆ. ವಿದ್ಯಾರ್ಥಿನಿಯ ವಿಷಯ ಕಸೂತಿ. ನಾಲ್ಕಕ್ಕೆ ಐದು ಅಡಿಯ ಮೂರು ಕ್ಯಾನ್ವಾಸು, ಆಕ್ರಿಲಿಕ್. ಚಂದ್ರಕಾಳಿ ಸೀರೆಯ ಕಪ್ಪು ನೆಲದ ಮೇಲೆ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ. ನಡುವೆ ಕಣ್ಣು ಮುಚ್ಚಿದ ಒಬ್ಬ ಹೆಣ್ಣುಮಗಳು. ಬಣ್ಣ ಶುಚಿ, ಗೆರೆ ದೃಢ. ಆದರೂ ಚಿತ್ರ ಕ್ಯಾಲೆಂಡರಿನಂತೆ ಸುಮ್ಮನೆ ನಿಂತುಬಿಟ್ಟಿತ್ತು. ಕಸೂತಿಯ ಆಕಾರಗಳು ಅಲ್ಲಿದ್ದವು, ಕಸೂತಿಯ ನಡೆ ಇರಲಿಲ್ಲ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸುತ್ತ ಹೋಗುತ್ತಾರೆ, ಎಣಿಕೆಯಿಂದಲೇ ಗೋಪುರ ಏಳುತ್ತದೆ. ಗವಂತಿ ಹೊಲಿಗೆಯಲ್ಲಿ ಸೂಜಿ ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿದು ಮುಂದೆ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಮುಂದೆ ಕಂಡಂತೆಯೇ ಹಿಂದೆಯೂ ಕಾಣಬೇಕು, ಗಂಟು ಕಾಣಬಾರದು. ಮುರ್ಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಹೋಗಿ ಬರುವ ಈ ನಡಿಗೆಯ ಸುಳಿವೇ ಕ್ಯಾನ್ವಾಸಿನಲ್ಲಿಲ್ಲ.

ಗೋಡೆಯ ಬುಡದಲ್ಲಿ ಅವಳ ಚೀಲ ಬಿದ್ದಿತ್ತು. ಅದರಿಂದ ಇಣುಕುತ್ತಿದ್ದ ಸ್ಕೆಚ್ ಬುಕ್ ಕೇಳಿ ತೆಗೆದು ನೋಡಿದೆ. ನಲವತ್ತು ಪುಟದಷ್ಟು ಅವಳ ಅಜ್ಜಿಯ ಕೈ. ಎಳೆ ಎಣಿಸುವಾಗ ಹೆಬ್ಬೆರಳಿನ ಉಗುರು ಬಟ್ಟೆಯನ್ನು ಒತ್ತಿ ಹಿಡಿದ ರೀತಿ, ಕನ್ನಡಕ ಮೂಗಿನ ತುದಿಗೆ ಜಾರಿದ್ದು, ಸೂಜಿಗೆ ದಾರ ಪೋಣಿಸಲಾಗದೆ ಮೊಮ್ಮಗಳ ಕಡೆ ಚಾಚಿದ ಕೈ. ಒಂದು ಪುಟದಲ್ಲಿ ಚಿತ್ರವೇ ಇಲ್ಲ, ಅಂಚಿನಿಂದ ಅಂಚಿಗೆ ಬರೀ ಪೆನ್ಸಿಲ್ ಚುಕ್ಕೆ, ನಡುವೆ ‘ಇಲ್ಲೆ ಅಜ್ಜಿ ಲೆಕ್ಕಾ ತಪ್ಪಿದ್ಲು, ಬಿಚ್ಚಿದ್ಲು’ ಎಂಬ ಟಿಪ್ಪಣಿ. ಆ ಜಾಗದಲ್ಲಿ ಚುಕ್ಕೆಗಳನ್ನು ರಬ್ಬರಿನಿಂದ ಅಳಿಸಿ ಮತ್ತೆ ಇಟ್ಟಿದ್ದಳು. ಕಾಗದ ಅಲ್ಲಿ ತುಸು ಒರಟಾಗಿತ್ತು. ಅವತ್ತು ನಾನು ನೋಡಿದ ಅತ್ಯುತ್ತಮ ಕೃತಿ ಆ ಪುಟ.

‘ಇದನ್ನ್ಯಾಕ ಗ್ವಾಡಿಗೆ ಹಚ್ಚಿಲ್ಲವಾ?’ ಎಂದೆ.

‘ಅದು ಬರೇ ಸ್ಕೆಚ್ ರೀ ಸರ್. ಅದಕ್ಕ ಮಾರ್ಕ್ಸ್ ಇಲ್ರೀ.’

ಮಾತು ನಿಜ. ಹಿಂದೊಮ್ಮೆ ಒಂದು ಕಡೆ ನಾನೂ ಪರೀಕ್ಷಕನಾಗಿ ಕೂತಿದ್ದೆ. ಕೈಗಿಟ್ಟ ಹಾಳೆಯಲ್ಲಿ ಕಾಂಪೋಸಿಷನ್, ಕಲರ್, ಫಿನಿಶಿಂಗ್, ವೈವಾ ಎಂಬ ಕಲಮುಗಳಿದ್ದವು. ಹುಡುಗ ವರ್ಷವಿಡೀ ಏನು ನೋಡಿದ, ಏನು ಕೈಬಿಟ್ಟ, ಯಾಕೆ ಬಿಟ್ಟ ಎಂಬುದಕ್ಕೆ ಕಲಮಿರಲಿಲ್ಲ. ಇಂತಿಷ್ಟು ಕ್ಯಾನ್ವಾಸು, ಇಂತಿಷ್ಟು ಅಳತೆ ಎಂಬ ನಿಯಮ ಮಾತ್ರ ಸ್ಪಷ್ಟವಾಗಿತ್ತು. ಅಳತೆ ತುಂಬಿಸಲು ಹುಡುಗರು ಸಾಲ ಮಾಡಿ ಬಣ್ಣ ತರುತ್ತಾರೆ. ದೊಡ್ಡ ಕ್ಯಾನ್ವಾಸಿನ ಮೇಲೆ ಹೊಸದೊಂದನ್ನು ಪರೀಕ್ಷಿಸಿ ಕೆಡಿಸುವ ಧೈರ್ಯ ಯಾರಿಗಿದ್ದೀತು? ಕೆಟ್ಟರೆ ಮತ್ತೊಂದು ಕೊಳ್ಳಲು ದುಡ್ಡಿಲ್ಲ. ಹೀಗಾಗಿ ಗೊತ್ತಿದ್ದದ್ದನ್ನೇ ದೊಡ್ಡದಾಗಿ ಬರೆದು ಮುಗಿಸುತ್ತಾರೆ. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರು ಪೋಸ್ಟ್‌ಕಾರ್ಡಿನಷ್ಟು ಜಾಗದಲ್ಲಿ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದರು, ಆಪ್ತರಿಗೆ ಕಳಿಸುತ್ತಿದ್ದರು. ಆ ಕಾರ್ಡುಗಳನ್ನು ಇಂದು ಕಲಾಕೃತಿಗಳೆಂದೇ ನೋಡುತ್ತೇವೆ. ನಮ್ಮ ಹುಡುಗಿಯ ಪುಟ ಮಾತ್ರ ‘ಬರೇ ಸ್ಕೆಚ್’.

ಗೋಡೆಯ ಪಕ್ಕ ಅಂಟಿಸುವ ಬರಹದ ಕತೆಯೂ ಇದೇ. ಕಾನ್ಸೆಪ್ಟ್ ನೋಟ್ ಎನ್ನುತ್ತಾರೆ. ಹತ್ತರಲ್ಲಿ ಎಂಟು ಇಂಗ್ಲಿಷಿನಲ್ಲಿ, ಎಲ್ಲದರಲ್ಲೂ ‘ಐಡೆಂಟಿಟಿ’, ‘ಮೆಮೊರಿ’. ಬಾಯಿಬಿಟ್ಟು ಕೇಳಿದರೆ ಅದೇ ಮಕ್ಕಳು ಎಷ್ಟು ಚಂದ ಮಾತಾಡುತ್ತಾರೆ! ‘ಎಣಸೂಮುಂದ ಅಜ್ಜಿ ಉಸರು ಬಿಗಿ ಹಿಡದಿರ್ತಾಳ್ರಿ, ಸಾಲು ಮುಗದ ಮ್ಯಾಲೆ ಬಿಡ್ತಾಳ್ರಿ’ ಎಂದಳು ಆ ಹುಡುಗಿ. ಇದಕ್ಕಿಂತ ಒಳ್ಳೆಯ ಕಾನ್ಸೆಪ್ಟ್ ಎಲ್ಲಿದೆ? ಗೋಡೆಯ ಮೇಲೆ ಈ ಒಂದು ವಾಕ್ಯ ಇದ್ದಿದ್ದರೆ ಸಾಕಿತ್ತು.

ನಾನು ಕಂಡ ಗೋಡೆಗಳಲ್ಲಿ ಈ ಕೊರತೆ ಕಡಿಮೆ ಇರುವುದು ಗ್ರಾಫಿಕ್ ವಿಭಾಗದಲ್ಲಿ. ಅಲ್ಲಿಯ ಮಾಧ್ಯಮವೇ ಹಾಗಿದೆ. ಅಚ್ಚು ತೆಗೆಯುವವನಿಗೆ ನಡುನಡುವೆ ಪ್ರೂಫ್ ತೆಗೆದು ನೋಡದೆ ಗತಿಯಿಲ್ಲ. ಹಾಗಾಗಿ ಕೆಲಸದ ಹಂತಗಳು ತಾವಾಗಿ ಉಳಿಯುತ್ತವೆ. ಒಬ್ಬ ಹುಡುಗ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನೊಳಗಿನ ಜನರನ್ನು ಲಿನೋಕಟ್ ಮಾಡಿದ್ದ. ಒಂದೇ ಲಿನೋ ತುಂಡು. ಹಳದಿ ಅಚ್ಚಾದ ಮೇಲೆ ಅದನ್ನೇ ಇನ್ನಷ್ಟು ಕೆತ್ತಿ ಕೆಂಪು, ಮತ್ತೆ ಕೆತ್ತಿ ಕಪ್ಪು. ಕೆತ್ತಿದ್ದು ಕೆತ್ತಿದ್ದೇ, ಹಿಂದಕ್ಕೆ ಹೋಗುವ ಹಾದಿ ಇಲ್ಲ. ಅವನು ಮೂರೂ ಹಂತಗಳನ್ನು ಸಾಲಾಗಿ ಹಚ್ಚಿದ್ದ. ಮೊದಲನೆಯದರಲ್ಲಿ ಬಸ್ಸಿನ ತುಂಬ ಜನ, ಬರೀ ಹಳದಿ ಬೆಳಕಿನ ಗುಂಪು. ಕೊನೆಯದರಲ್ಲಿ ಮೇಲಿನ ಹಿಡಿಕೆ ಹಿಡಿದ ಐದಾರು ಕೈ, ಕಿಟಕಿಗೆ ಹಣೆ ಆನಿಸಿ ನಿದ್ದೆಹೋದ ಒಬ್ಬ ಕೆಲಸಗಾರ. ಉಳಿದವರೆಲ್ಲ ಕಪ್ಪಿನೊಳಗೆ ಹೋಗಿದ್ದಾರೆ. ಯಾರನ್ನು ಉಳಿಸಿಕೊಂಡ, ಯಾರನ್ನು ಬಿಟ್ಟ ಎಂಬುದು ಕಣ್ಣೆದುರಿಗೇ ಇತ್ತು. ಒಂದು ಕಡೆ ಕೆಂಪು ಅಚ್ಚು ಕೂದಲೆಳೆಯಷ್ಟು ಸರಿದು ಕೂತಿತ್ತು, ಫಿನಿಶಿಂಗಿಗೆ ಅಂಕ ಹೋಗಿರಬಹುದು. ನನ್ನ ಲೆಕ್ಕದಲ್ಲಿ ಆ ವರ್ಷದ ಪ್ರದರ್ಶನದಲ್ಲಿ ಪೂರ್ತಿ ಬೆಳೆದ ಕಲಾವಿದನ ಗೋಡೆ ಅದೊಂದೇ.

ಮೇಷ್ಟ್ರುಗಳ ಮೇಲೆ ಗೂಬೆ ಕೂರಿಸುವ ಮನಸ್ಸು ನನಗಿಲ್ಲ. ನಿಯಮ ಮಾಡುವವರು ಬೇರೆ, ನಡೆಸಿಕೊಂಡು ಹೋಗುವವರು ಬೇರೆ. ಆದರೆ ಮೂರನೆಯ ವರ್ಷದ ಆರಂಭದಿಂದಲೇ ತಿಂಗಳಿಗೊಮ್ಮೆ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರ ಸ್ಕೆಚ್ ಬುಕ್ ತಿರುವಿ, ‘ಈ ಪುಟ ಯಾಕೆ, ಆ ಪುಟ ಯಾಕಲ್ಲ’ ಎಂದು ಮಾತಾಡಲು ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಿಲ್ಲ. ಗೋಡೆಯ ಕೆಳಗೆ ಒಂದು ಮೇಜಿಟ್ಟು ಅದರ ಮೇಲೆ ಆ ಪುಸ್ತಕ ತೆರೆದಿಡುವುದಕ್ಕೂ ಬೇಕಿಲ್ಲ. ಪರೀಕ್ಷಕರು ಬಂದಾಗ ಅವರನ್ನು ಮೊದಲು ಕುರ್ಚಿಯ ಮೇಲೆ ಕೂರಿಸಿ, ಪುಸ್ತಕ ಕೈಗೆ ಕೊಟ್ಟು, ಆಮೇಲೆ ಗೋಡೆ ತೋರಿಸಿ.

ಕಸೂತಿಯ ಹುಡುಗಿಯ ಮನೆಯವರು ಪ್ರದರ್ಶನದ ಕೊನೆಯ ದಿನ ಮಧ್ಯಾಹ್ನ ಬಂದಿದ್ದರು. ಅಜ್ಜಿಯೂ ಬಂದಿದ್ದಳು. ಮೂರು ಕ್ಯಾನ್ವಾಸುಗಳ ಮುಂದೆಯೂ ಒಂದೊಂದು ಗಳಿಗೆ ನಿಂತಳು, ‘ಭಾಳ ಚಂದ ಆಗೇದ’ ಎಂದಳು. ಆಮೇಲೆ ಒಂದು ಕ್ಯಾನ್ವಾಸಿನ ಕೆಳಗಿನ ಅಂಚು ಹಿಡಿದು ಮೆಲ್ಲಗೆ ಎತ್ತಿ, ತಲೆ ಬಾಗಿಸಿ, ಹಿಂದೆ ನೋಡಿದಳು.